ಪುಸ್ತಕದ ಟ್ರಂಕು ಮತ್ತು ನಮ್ಮೂರಿನ ಆಲೆಮನೆ ಹಬ್ಬ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ನಮ್ಮ ಸೀಮೆಯಲ್ಲಿ ಮನೆಗಳು ಅಕ್ಕಪಕ್ಕ ಇರುವುದಿಲ್ಲ. ಇಲ್ಲೊಂದು ಮನೆ, ಅದರ ಕೆಳಗೆ ಅಡಿಕೆ ತೋಟ, ಆಮೇಲೆ ಬೆಟ್ಟ, ಬೆಟ್ಟದ ಆಚೆ ಇನ್ನೆರಡು ಮನೆ. ಪಂಚಾಯಿತಿ ಇರುವ ಊರಿಗೆ ಹೋಗಬೇಕೆಂದರೆ ಕೆಲವರಿಗೆ ಐದಾರು ಕಿಲೋಮೀಟರ್ ದಾರಿ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಓದುವ ಆಸೆ ಎಷ್ಟೇ ಇದ್ದರೂ ಒಂದು ಪುಸ್ತಕಕ್ಕಾಗಿ ಅರ್ಧ ದಿನ ಕಳೆಯಲು ಯಾರಿಗೆ ಆಗುತ್ತದೆ? ಕೊಟ್ಟಿಗೆ ಕೆಲಸ, ತೋಟದ ಕೆಲಸ, ಮನೆಯ ಹಿರಿಯರು, ಎಲ್ಲ ಬಿಟ್ಟು ಹೋಗಲಾಗುವುದಿಲ್ಲ.

ಹಾಗಾಗಿ ಜನ ಹೇಗೂ ಹೋಗುವ ಜಾಗಕ್ಕೇ ಪುಸ್ತಕ ಇಡೋಣ ಅಂತ ನಮ್ಮ ಕಡೆಯ ಕೆಲವರು ಸೇರಿ ಪುಸ್ತಕದ ಟ್ರಂಕು ಶುರು ಮಾಡಿದ್ದರು. ಅದರ ಮುಂದಾಳು ಒಬ್ಬ ನಿವೃತ್ತ ಮೇಷ್ಟ್ರು. ಒಂದು ದಿನ ಅವರೇ ನಮ್ಮ ಮನೆಗೆ ಬಂದರು. ಕಷಾಯ ಕುಡಿದು ಮುಗಿಸಿ, "ತಂಗಿ, ನಿನ್ನ ಹತ್ರ ಸ್ಕೂಟಿ ಇದ್ದು. ವಾರಕ್ಕೊಂದು ದಿನ ಎರಡು ಟ್ರಂಕು ನೋಡ್ಕಂಬಲಾಗ್ತಾ?" ಎಂದು ಕೇಳಿದರು. ನಾನು ಅವರ ಹತ್ತಿರವೇ ಓದಿದವಳು. ಇಲ್ಲ ಎನ್ನುವ ಮಾತೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಈ ಕೆಲಸ ಮಾಡಬೇಕು ಅನಿಸಿತ್ತು.

ಪದ್ಧತಿ ಸರಳ. ನಮ್ಮ ಕಡೆ ಎಲ್ಲರ ಮನೆ ಅಟ್ಟದ ಮೇಲೂ ಒಂದು ಹಳೆ ತಗಡಿನ ಟ್ರಂಕು ಇರುತ್ತದೆ. ಯಾರೋ ಹಾಸ್ಟೆಲ್ಲಿಗೆ ಒಯ್ದಿದ್ದು, ಯಾರದೋ ಮದುವೆಯಲ್ಲಿ ಬಂದದ್ದು. ಅದನ್ನು ಕೇಳಿ ತಂದು, ತುಕ್ಕು ಉಜ್ಜಿ, ಬಣ್ಣ ಹೊಡೆದು, ಐವತ್ತು ಅರವತ್ತು ಪುಸ್ತಕ ತುಂಬಿಸಿ ಹಾಲಿನ ಡೇರಿಯಲ್ಲೋ, ಸೊಸೈಟಿಯಲ್ಲೋ, ಅಕ್ಕಿ ಗಿರಣಿಯಲ್ಲೋ, ಕಿರಾಣಿ ಅಂಗಡಿಯಲ್ಲೋ ಇಡುತ್ತೇವೆ. ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುವ ತನಕ ಜನ ನಿಲ್ಲಲೇಬೇಕು. ಗಿರಣಿಯಲ್ಲಿ ಭತ್ತ ಮುಗಿಯುವ ತನಕ ಕೂರಲೇಬೇಕು. ಆ ಹೊತ್ತಿಗೆ ಕೈಗೆ ಒಂದು ಪುಸ್ತಕ ಸಿಕ್ಕರೆ ನಾಲ್ಕು ಪುಟ ತಿರುವುತ್ತಾರೆ. ಹಿಡಿಸಿದರೆ ಮನೆಗೆ ಒಯ್ಯುತ್ತಾರೆ. ಟ್ರಂಕಿನ ಹಿಡಿಕೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇಟ್ಟಿರುತ್ತೇವೆ. ಹೆಸರು, ಪುಸ್ತಕ, ತಾರೀಕು ಬರೆದರೆ ಮುಗಿಯಿತು. ಠೇವಣಿ ಇಲ್ಲ, ಚಂದಾ ಇಲ್ಲ, ದಂಡ ಇಲ್ಲ. ಎರಡು ತಿಂಗಳಿಗೊಮ್ಮೆ ಡೇರಿಯ ಟ್ರಂಕು ಗಿರಣಿಗೆ ಹೋಗುತ್ತದೆ, ಗಿರಣಿಯದ್ದು ಸೊಸೈಟಿಗೆ. ಸುತ್ತುತ್ತಾ ಇದ್ದರೆ ಹೋದ ಊರಿಗೆಲ್ಲ ಅದು ಹೊಸ ಟ್ರಂಕೇ.

ಇದೇನೂ ನಾವು ಹೊಸದಾಗಿ ಹುಡುಕಿದ್ದಲ್ಲ. 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದರು. ಕನ್ನಡದ ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವ ಜನ ಹುಟ್ಟಿದ್ದೇ ಅಂಥವರ ಬೆವರಿನಿಂದ. ಮೇಷ್ಟ್ರು ಪ್ರತಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಎರಡನ್ನು ಬರೆದಿಡುತ್ತಾರೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಗ್ರಂಥಾಲಯದ ಕೆಲಸ ಮಾಡುವವರಿಗೆ ಇಷ್ಟು ಗೊತ್ತಿದ್ದರೆ ಸಾಕು ಅನ್ನುವುದು ಮೇಷ್ಟ್ರ ಮಾತು. ರಂಗನಾಥನ್ ಆ ಸೂತ್ರಗಳನ್ನು ಪ್ರಕಟಿಸಿದ್ದೂ 1931ರಲ್ಲೇ.

ಸರ್ಕಾರಿ ಗ್ರಂಥಾಲಯ ಇಲ್ಲವೇ ಅಂತ ಕೇಳಬಹುದು. ಇದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಷ್ಟು ಹಳೆಯದು. ಆಸ್ತಿ ತೆರಿಗೆ ಕಟ್ಟುವಾಗ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ನಾವೆಲ್ಲ ಕೊಡುತ್ತೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ತುಂಬಾ ಕಡೆ ಹೊಸ ಬಣ್ಣ, ಕಂಪ್ಯೂಟರ್, ಮಕ್ಕಳಿಗೆ ಕೂರಲು ಜಾಗ ಎಲ್ಲ ಆಗಿದೆ. 2020ರ ನವೆಂಬರ್‌ನಲ್ಲಿ ಈ ಗ್ರಂಥಾಲಯಗಳಲ್ಲಿ ಮಕ್ಕಳ ಓದಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತು. ನಮ್ಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ನಮ್ಮ ಕೆಲಸಕ್ಕೆ ಬಹಳ ಸಹಾಯ ಮಾಡುತ್ತಾರೆ. ಹೊಸ ಸದಸ್ಯರನ್ನು ನಾವು ಅವರ ಹತ್ತಿರ ಕಳಿಸುತ್ತೇವೆ. ಅವರು ಯಾವ ಪುಸ್ತಕಕ್ಕೆ ಕೇಳಿಕೆ ಜಾಸ್ತಿ ಅಂತ ನಮಗೆ ಹೇಳುತ್ತಾರೆ. ದೂರದ ಮನೆಗಳಿಗೆ ಪುಸ್ತಕ ಮುಟ್ಟಿಸುವ ಭಾಗ ಮಾತ್ರ ನಮ್ಮದು.

ನಾನು ಸೇರಿದ ಮೇಲೆ ಮೊದಲು ಕಲಿತದ್ದು ಪುಸ್ತಕ ವಿಂಗಡಿಸುವುದು. "ನಮ್ಮಲ್ಲಿ ಪುಸ್ತಕ ಇದೆ, ಬಂದು ಒಯ್ಯಿರಿ" ಎಂದು ಫೋನ್ ಬಂದರೆ ಖುಷಿಯಾಗುತ್ತದೆ. ಹೋಗಿ ನೋಡಿದರೆ ಗೋಣಿಚೀಲದಲ್ಲಿ ಹಳೆ ಗೈಡು, ಖಾಲಿ ಡೈರಿ, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ, ಸಿಲೆಬಸ್ ಬದಲಾಗಿ ಹೋದ ಪರೀಕ್ಷೆಯ ಪುಸ್ತಕ. ಕೊಡುವವರ ಮನಸ್ಸು ಒಳ್ಳೆಯದೇ. ಅಟ್ಟ ಖಾಲಿಯಾಗಬೇಕು, ಪುಸ್ತಕ ರದ್ದಿಗೆ ಹೋಗಬಾರದು, ಅಷ್ಟೇ ಅವರಿಗೆ. ಮೇಷ್ಟ್ರ ಮನೆ ಜಗುಲಿಯ ಮೇಲೆ ಎಲ್ಲ ಸುರುವಿ ಒಂದೊಂದೇ ತೆಗೆದು ನೋಡುತ್ತೇವೆ. ಬೆನ್ನು ಬಿಚ್ಚಿದ್ದು ಬೈಂಡಿಂಗಿಗೆ. ಗೆದ್ದಲು ತಿಂದದ್ದು ಹೊರಗೆ. ಓದಲು ಬರುವುದು ಟ್ರಂಕಿಗೆ. ಇಷ್ಟೆಲ್ಲ ಆದ ಮೇಲೆ ಟ್ರಂಕಿಗೆ ಉಳಿಯುವ ಗುಡ್ಡೆ ಯಾವಾಗಲೂ ಸಣ್ಣದು. ಅದರಲ್ಲೂ ಮಕ್ಕಳ ಪುಸ್ತಕ ಇರುವುದೇ ಇಲ್ಲ. ಮಕ್ಕಳ ಪುಸ್ತಕ ಮಕ್ಕಳ ಕೈಯಲ್ಲೇ ಹರಿದು ಮುಗಿಯುತ್ತದೆ, ಅಟ್ಟಕ್ಕೆ ಹೋಗಲು ಉಳಿಯುವುದಿಲ್ಲ.

ಇನ್ನು ಮಳೆಗಾಲ. ನಮ್ಮ ಕಡೆಯ ಮಳೆಗಾಲ ಕಂಡವರಿಗೆ ಹೇಳುವುದು ಬೇಡ. ಗೋಡೆಗೆ ಬೂಸ್ಟು, ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕಂತೂ ಮೊದಲೇ ಬೂಸ್ಟು. ಜೂನ್ ಬಂತೆಂದರೆ ಕೆಲವು ಟ್ರಂಕುಗಳನ್ನು ಬೆಚ್ಚಗಿನ ಮನೆಗಳಿಗೆ ಸಾಗಿಸುತ್ತೇವೆ. ಬಚ್ಚಲ ಒಲೆಯ ಶಾಖ ತಾಗುವ ಅಟ್ಟವೇ ಪುಸ್ತಕಕ್ಕೆ ಒಳ್ಳೆ ಜಾಗ. ಸ್ವಲ್ಪ ಹೊಗೆ ವಾಸನೆ ಹಿಡಿಯುತ್ತದೆ, ಆದರೆ ಹಾಳೆ ಗರಿಗರಿಯಾಗಿ ಉಳಿಯುತ್ತದೆ. ಮಧ್ಯೆ ಮಧ್ಯೆ ಒಣಗಿಸಿದ ಲಕ್ಕಿ ಸೊಪ್ಪು ಇಟ್ಟರೆ ಹುಳದ ಕಾಟ ಕಡಿಮೆ. ಇದನ್ನು ಹೇಳಿಕೊಟ್ಟಿದ್ದು ಗಿರಣಿಯ ಹತ್ತಿರದ ಮನೆಯ ಅತ್ತೆ. ಅವರು ಅದನ್ನು ಅಕ್ಕಿ ಡಬ್ಬಿಗೆ ಹಾಕಿ ರೂಢಿ.

ಅದೇ ಅತ್ತೆಯ ಮನೆಯಲ್ಲಿ ನಾನು ಒಂದು ಸಂಜೆ ನೋಡಿದ್ದನ್ನು ಹೇಳಲೇಬೇಕು. ಅಡಿಕೆ ಕೊಯ್ಲಿನ ಕಾಲ. ಅಂಗಳದ ಚಪ್ಪರದಲ್ಲಿ ಒಂದೇ ಒಂದು ಬಲ್ಬು. ಏಳೆಂಟು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಮಧ್ಯದಲ್ಲಿ ಮಣೆ ಹಾಕಿಕೊಂಡು ನಮ್ಮ ಟ್ರಂಕಿನ ಕಾದಂಬರಿಯೊಂದನ್ನು ಜೋರಾಗಿ ಓದುತ್ತಿದ್ದಳು. ಕತ್ತಿಯ ಚಕ್ ಚಕ್ ಸದ್ದಿನ ಮೇಲೆ ಅವಳ ದನಿ. ಎಲ್ಲೋ ಒಂದು ಕಡೆ ಕಥೆಯಲ್ಲಿ ಸೊಸೆ ತವರಿಗೆ ಹೊರಟಳು. ಸುಲಿಯುತ್ತಿದ್ದ ಒಬ್ಬರು ಕೈ ನಿಲ್ಲಿಸಿ, "ಆ ಅತ್ತೆಗೆ ಯಾರೂ ಒಂದು ಮಾತು ಹೇಳ್ಲೇ ಇಲ್ವಾ?" ಎಂದು ಸಿಟ್ಟಾದರು. ಅಲ್ಲಿಂದ ಚರ್ಚೆ ಶುರು. ಸೊಸೆಯದು ತಪ್ಪೋ, ಗಂಡನದು ತಪ್ಪೋ. ಓದು ನಿಂತಿತು, ಸುಲಿತವೂ ನಿಂತಿತು. ಮನೆಯ ಅತ್ತೆ "ಕೈ ಆಡ್ಲಿ, ಬಾಯಿ ಆಡ್ಲಿ, ಎರಡೂ ಆಡ್ಲಿ" ಎಂದು ಹೇಳಿದ ಮೇಲೆ ಮತ್ತೆ ಹುಡುಗಿ ಪುಟ ತಿರುವಿದಳು. ಅಲ್ಲಿದ್ದವರಲ್ಲಿ ಇಬ್ಬರಿಗೆ ಓದಲು ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಆ ಪುಸ್ತಕದ ಮುಂದೆ ಇದ್ದದ್ದು ಒಂದೇ ಹೆಸರು. ಆದರೆ ಓದಿದವರು ಅಷ್ಟೂ ಜನ.

ಆ ದಿನದಿಂದ ಟ್ರಂಕಿನ ಲೆಕ್ಕವನ್ನು ನಾನು ನೋಟ್‌ಬುಕ್ಕಿನಿಂದ ಮಾತ್ರ ನೋಡುವುದಿಲ್ಲ. ಪುಸ್ತಕ ವಾಪಸ್ ಬರುವುದು ತಡವಾದರೆ ಫೋನ್ ಮಾಡಿ ಕಾಡುವುದೂ ಇಲ್ಲ. ಕೇಳುವ ರೀತಿಯೇ ಬೇರೆ: "ಅದು ಓದಿ ಆಯ್ತಾ, ಹೇಗಿತ್ತು?" ಹೀಗೆ ಕೇಳಿದರೆ ಪುಸ್ತಕವೂ ಬರುತ್ತದೆ, ಅದರ ಜೊತೆ ಹತ್ತು ಮಾತೂ ಬರುತ್ತದೆ. ಕೆಲವು ಬರುವುದಿಲ್ಲ. ಕಳೆದುಹೋಗಲಿ ಬಿಡಿ. ನಮ್ಮ ಸುತ್ತಲಿನ ಒಂದು ಶಾಲೆಯಲ್ಲಿ ಗಾಜಿನ ಕಪಾಟಿನ ತುಂಬ ಚಂದದ ಪುಸ್ತಕ ಇದೆ. ಬೀಗ ಹಾಕಿದ್ದಾರೆ. ಮಕ್ಕಳು ಕೊಳೆ ಮಾಡುತ್ತಾರೆ, ಹರಿಯುತ್ತಾರೆ, ಲೆಕ್ಕ ತಪ್ಪುತ್ತದೆ ಎಂಬ ಭಯ. ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಅದಕ್ಕೂ ಸರಿಯಾದ ಉತ್ತರ ಸಿಗಲಿಲ್ಲ. ನನಗೆ ಕಳೆದುಹೋದ ಪುಸ್ತಕಕ್ಕಿಂತ ಆ ಬೀಗದ ಒಳಗಿನ ಪುಸ್ತಕ ನೋಡಿದರೇ ಹೊಟ್ಟೆ ಉರಿಯುತ್ತದೆ.

ಈಗ ದುಡ್ಡಿನ ವಿಷಯ. ದಾನದ ಪುಸ್ತಕದಿಂದ ಟ್ರಂಕು ತುಂಬಬಹುದು, ಓದುಗರನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಜನ ತಮಗೆ ಬೇಕಾದ್ದನ್ನು ಬರೆದಿಡುತ್ತಾರೆ. ಯಕ್ಷಗಾನ ಪ್ರಸಂಗ ಬೇಕು. ದೊಡ್ಡ ಅಕ್ಷರದ ಪುಸ್ತಕ ಬೇಕು. ಪೊಲೀಸ್ ಪರೀಕ್ಷೆಗೆ ಈ ವರ್ಷದ್ದು ಬೇಕು. ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಏನಾದರೂ ಇದ್ದರೆ ತನ್ನಿ. ಒಂದು ಮಗು ಬರೀ "ಹುಲಿ" ಎಂದು ಬರೆದಿತ್ತು. ಇವು ಯಾವುದೂ ಗೋಣಿಚೀಲದಲ್ಲಿ ಬರುವುದಿಲ್ಲ. ಕೊಂಡೇ ತರಬೇಕು. ಅದರ ಜೊತೆಗೆ ಬೈಂಡಿಂಗಿನ ಖರ್ಚು, ಟ್ರಂಕಿನ ಮುಚ್ಚಳಕ್ಕೆ ನೀರು ಇಳಿಯದಂತೆ ಹಾಕುವ ರಬ್ಬರ್ ಪಟ್ಟಿ, ಟ್ರಂಕು ಸಾಗಿಸುವ ಗಾಡಿಗೆ ಡೀಸೆಲ್. ಮೊದಲಿಗೆ ಇದನ್ನೆಲ್ಲ ನಾಲ್ಕೈದು ಜನ ತಮ್ಮ ಕಿಸೆಯಿಂದ ಹಾಕುತ್ತಿದ್ದರು. ಎಷ್ಟು ದಿನ ಅಂತ ಹಾಕಲಾಗುತ್ತದೆ ಅಲ್ವಾ?

ಸೊಸೈಟಿಯ ಮಾಳಿಗೆಯಲ್ಲಿ ಮೀಟಿಂಗ್ ಸೇರಿದೆವು. ಹಣ ಎತ್ತಬೇಕು ಅನ್ನುವುದರಲ್ಲಿ ಎಲ್ಲರದ್ದೂ ಒಂದೇ ಮಾತು. ಯಾವುದಕ್ಕೆ ಅನ್ನುವಾಗ ಮಾತು ಎರಡಾಯಿತು. ಹಿರಿಯರೊಬ್ಬರು, "ಎತ್ತೋದೇ ಆದ್ರೆ ಒಂದು ಕಟ್ಟಡ ಮಾಡಿಬಿಡೋಣ. ಊರಿಗೆ ಒಂದು ಗುರುತು ಆಗ್ತದೆ. ದೊಡ್ಡ ದೇಣಿಗೆ ಕೊಟ್ಟವರ ಹೆಸರು ಗೋಡೆ ಮೇಲೆ ಹಾಕಬಹುದು" ಎಂದರು. ಅವರ ಮಾತಿಗೆ ತೂಕ ಇದೆ. ಅವರು ಊರಿಗಾಗಿ ತುಂಬಾ ಮಾಡಿದವರು. ಆದರೂ ನಾನು ಎದ್ದು ನಿಂತೆ. "ಅಣ್ಣಯ್ಯ, ಕಟ್ಟಡ ಆದರೆ ಮತ್ತೆ ಜನ ಅಲ್ಲಿಗೇ ಬರಬೇಕು. ಬರಲು ಆಗದವರಿಗೆ ಅಂತಲೇ ಈ ಟ್ರಂಕು ಶುರುವಾದದ್ದು. ಕಟ್ಟಡಕ್ಕೆ ಕರೆಂಟು ಬಿಲ್ಲು, ಸುಣ್ಣ ಬಣ್ಣ, ಹೆಂಚು ರಿಪೇರಿ ಎಲ್ಲ ಶುರುವಾಗುತ್ತದೆ. ಆಮೇಲೆ ಪುಸ್ತಕಕ್ಕೆ ಏನು ಉಳಿಯುತ್ತದೆ?" ಎಂದೆ. ಡೇರಿಯ ಅಕ್ಕ ಹಿಂದಿನಿಂದ, "ನಮ್ಮ ಟ್ರಂಕಲ್ಲಿ ಸಣ್ಣ ಮಕ್ಕಳಿಗೆ ಕೊಡೂಕೆ ಒಂದೂ ಇಲ್ಲ. ಮೊದಲು ಅದು ನೋಡಿ" ಎಂದರು. ಅವರ ಮಾತೇ ಗೆದ್ದಿತು. ಹಣ ಪುಸ್ತಕಕ್ಕೆ, ರಿಪೇರಿಗೆ, ಸಾಗಾಟಕ್ಕೆ ಮಾತ್ರ ಅಂತ ಅವತ್ತೇ ಠರಾವು ಬರೆದೆವು. ಆ ಹಿರಿಯರೂ ಸಹಿ ಹಾಕಿದರು. ಮುಂದೆ ಅತೀ ಹೆಚ್ಚು ಕೂಪನ್ನು ಮಾರಿದ್ದು ಅವರೇ.

ಹಣ ಎತ್ತಲು ಆಲೆಮನೆ ಹಬ್ಬ ಮಾಡುವುದೆಂದು ಠರಾಯಿಸಿದೆವು. ನಮ್ಮ ಕಡೆ ಜನವರಿಯಿಂದ ಮಾರ್ಚ್ ತನಕ ಆಲೆಮನೆಯ ಕಾಲ. ಕಬ್ಬು ಕಡಿದು, ಗಾಣಕ್ಕೆ ಕೊಟ್ಟು, ಬೆಲ್ಲ ಕಾಸುತ್ತಾರೆ. ಹಿಂದೆಲ್ಲ ಯಾರ ಆಲೆಮನೆಗೆ ಯಾರು ಹೋದರೂ ಹೊಟ್ಟೆ ತುಂಬ ಕಬ್ಬಿನ ಹಾಲು ಕುಡಿಸಿ ಕಳಿಸುತ್ತಿದ್ದರು. ಈಗ ಕಬ್ಬು ಬೆಳೆಯುವವರು ಕಡಿಮೆ. ಹಾಗಾಗಿ ಶಾಲೆಗೋ ದೇವಸ್ಥಾನಕ್ಕೋ ಹಣ ಬೇಕಾದಾಗ ಆಲೆಮನೆ ಹಬ್ಬ ಮಾಡುವುದು ರೂಢಿಯಾಗಿದೆ. ಜನ ಕೂಪನ್ನು ತೆಗೆದುಕೊಂಡು ಬರುತ್ತಾರೆ, ಬೇಕಾದಷ್ಟು ಕುಡಿಯುತ್ತಾರೆ. ಪಟ್ಟಣದಲ್ಲಿರುವ ಮಕ್ಕಳೂ ಆ ನೆಪದಲ್ಲಿ ಊರಿಗೆ ಬರುತ್ತಾರೆ.

ತಯಾರಿ ಅಂದರೆ ಕೇಳುವುದು. ಮನೆ ಮನೆಗೆ ಹೋಗಿ ಕೇಳುವುದು. ಒಬ್ಬರು ತಮ್ಮ ಗದ್ದೆಯ ಕಬ್ಬು ಕೊಟ್ಟರು. ಇನ್ನೊಬ್ಬರು ಗದ್ದೆಯ ಜಾಗ. ಕೋಣನ ಗಾಣ ಇರುವ ಮನೆ ಈಗ ಬೆರಳೆಣಿಕೆಯಷ್ಟು. ಪಕ್ಕದ ಊರಿನವರು ತಮ್ಮ ಗಾಣ, ಕೋಣ ಎರಡೂ ಕೊಡಲು ಒಪ್ಪಿದರು. ಜನ ಜಾಸ್ತಿ ಬಂದರೆ ಇರಲಿ ಎಂದು ಮಷಿನ್ ಗಾಣವನ್ನೂ ತರಿಸಿದೆವು. ಪೇಟೆಯ ಪ್ರೆಸ್ಸಿನವರು ಕೂಪನ್ನು ಪುಕ್ಕಟೆ ಅಚ್ಚು ಹಾಕಿಕೊಟ್ಟರು. ಮಂಡಕ್ಕಿ, ಮೆಣಸಿನಕಾಯಿ, ಕಡಲೆಹಿಟ್ಟು, ಎಣ್ಣೆ, ಒಂದೊಂದು ಮನೆಯಿಂದ ಒಂದೊಂದು. ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಯಾರನ್ನೂ ಕೇಳಬೇಕಾಗಲಿಲ್ಲ, ಭರಣಿಗಳು ತಾವಾಗಿ ಬಂದವು. ಸಿಹಿ ಕುಡಿದು ಕುಡಿದು ಬಾಯಿ ಕಟ್ಟಿದಾಗ ಮಿಡಿಯ ಚೂರು ನೆಂಜಿಕೊಂಡರೆ ಇನ್ನೆರಡು ಲೋಟ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು.

ಹಣ ಕೇಳುವುದು ನನಗೆ ಬರುತ್ತಿರಲಿಲ್ಲ. ಮೇಷ್ಟ್ರು ಒಂದು ದಾರಿ ತೋರಿಸಿದರು. "ದುಡ್ಡು ಕೊಡಿ ಅಂತ ಕೇಳಬೇಡ. ಇಂಥ ಪುಸ್ತಕ ಬೇಕು, ಇಂಥ ಊರಿನವರು ಕೇಳಿದ್ದಾರೆ, ಬೆಲೆ ಇಷ್ಟು ಅಂತ ಹೇಳು." ಅದೇ ಹಬ್ಬದ ದಿನ ನನ್ನ ಪಾಲಿನ ಕೆಲಸವೂ ಆಯಿತು. ಎರಡು ಅಡಿಕೆ ಕಂಬದ ನಡುವೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸಿದೆವು. ಪ್ರತಿ ಚೀಟಿಯಲ್ಲೂ ಪುಸ್ತಕದ ಹೆಸರು, ಬೆಲೆ, ಯಾವ ಟ್ರಂಕಿನಿಂದ ಬೇಡಿಕೆ ಬಂದದ್ದು ಎಂದು ಬರೆದಿತ್ತು. ಚಿತ್ರದ ಪುಸ್ತಕ 50 ರೂಪಾಯಿ, ಕಾದಂಬರಿ 200, ಪರೀಕ್ಷೆಯ ಪುಸ್ತಕ 350. ಇಷ್ಟವಾದ ಚೀಟಿ ಕಿತ್ತುಕೊಂಡು ಹಣ ಕೊಟ್ಟರೆ, ಆ ಪುಸ್ತಕ ಬಂದಾಗ ಒಳಪುಟದಲ್ಲಿ ಅವರ ಹೆಸರು ಅಥವಾ ಅವರು ಹೇಳಿದವರ ನೆನಪು ಬರೆಯುತ್ತೇವೆ.

ಹಬ್ಬದ ದಿನ ನಸುಕಿನಲ್ಲೇ ಒಲೆ ಹೊತ್ತಿತು. ಗಾಣ ತಿರುಗಲು ಶುರುವಾಯಿತು. ಕಬ್ಬಿನ ಹಾಲು ಸೋಸಿ ಕೊಪ್ಪರಿಗೆಗೆ ಹಾಕಿ, ಕೊಳೆ ಮೇಲೆ ಬರಲು ಚೂರು ಸುಣ್ಣ ಸೇರಿಸಿ, ಬಂದ ನೊರೆಯನ್ನು ಜಾಲರಿ ಸಟ್ಟುಗದಿಂದ ತೆಗೆಯುತ್ತಾ ಹೋಗಬೇಕು. ಗಂಟೆಗಟ್ಟಲೆ ಕುದಿಯುತ್ತದೆ. ಪಾಕ ನೋಡಲು ಒಬ್ಬ ಅಜ್ಜ ಬಂದಿದ್ದರು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಟ್ಟಲಿನ ಅಂಚಿಗೆ ಟಕ್ ಎಂದು ಬಡಿದು ನೋಡಿದರು. "ಇನ್ನೊಂಚೂರು." ಮತ್ತೆ ನೋಡಿದರು. "ಈಗ ಇಳಿಸಿ." ಅಚ್ಚಿನ ಬೆಲ್ಲ ಬೇಕಾದರೆ ಆ ಹೊತ್ತು ಸರಿಯಾಗಬೇಕು. ಜೇನಿನ ಹಾಗೆ ಸುರಿಯುವ ಜೋನಿ ಬೆಲ್ಲಕ್ಕೆ ಅದಕ್ಕಿಂತ ಮೊದಲೇ ಇಳಿಸಬೇಕು. ಆ ಕಡೆ ತೊಡೆದೇವು ಎಂಬ ತೆಳು ಸಿಹಿತಿಂಡಿಯ ಒಲೆ. ಮಡಕೆ ಕವುಚಿ ಹಾಕಿ, ಕೆಳಗೆ ಸಣ್ಣ ಉರಿ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿದ ನೀರು ಹಿಟ್ಟು. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದ್ದಿ ಮಡಕೆಯ ಮೇಲೆ ಒಂದು ಸಲ ಎಳೆದರೆ ಕಾಗದದಷ್ಟು ತೆಳ್ಳಗೆ ಅಂಟುತ್ತದೆ. ಬಿಸಿ ಇರುವಾಗಲೇ ಎತ್ತಿ ಮಡಚಬೇಕು, ತಣಿದರೆ ಮುರಿಯುತ್ತದೆ. ಅದನ್ನು ಮಾಡುತ್ತಿದ್ದ ಇಬ್ಬರು ಅಕ್ಕಂದಿರಿಗೆ ಮಧ್ಯಾಹ್ನದ ತನಕ ತಲೆ ಎತ್ತಲು ಪುರಸೊತ್ತು ಇರಲಿಲ್ಲ.

ಪ್ರವೇಶಕ್ಕೆ ಒಬ್ಬರಿಗೆ 100 ರೂಪಾಯಿ, ಮಕ್ಕಳಿಗೆ 50. ಗೇಟಿನಲ್ಲಿ ಫೋನಿನಿಂದ ಹಣ ಕಳಿಸಲು ಕ್ಯೂಆರ್ ಅಂಟಿಸಿದ್ದೆವು. ಗದ್ದೆ ಇರುವುದು ಬೆಟ್ಟದ ಬುಡದಲ್ಲಿ, ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬೆಂಗಳೂರಿನಿಂದ ಬಂದ ಹುಡುಗರು ಫೋನ್ ಎತ್ತಿ ಹಿಡಿದು ಗದ್ದೆ ಬದುವಿನ ಮೇಲೆ ಓಡಾಡಿದರು. ಕೊನೆಗೆ ಒಂದು ಪಟ್ಟಿ ಹಿಡಿದು ಹೆಸರು ಬರೆದುಕೊಂಡೆವು. "ಮನೆಗೆ ಹೋಗಿ ಹಾಕ್ತೆ" ಎಂದವರು ಹಾಕಿಯೇ ಹಾಕಿದರು. ಹೇಳಿದ್ದಕ್ಕಿಂತ ಜಾಸ್ತಿ ಹಾಕಿದವರೂ ಇದ್ದರು.

ಚೀಟಿಯ ಹಗ್ಗದ ಹತ್ತಿರ ಮೊದಲು ಜನ ಸುಮ್ನೆ ನೋಡಿ ಹೋಗುತ್ತಿದ್ದರು. ಡೇರಿಗೆ ದಿನಾ ಹಾಲು ತರುವ ಒಬ್ಬ ಅಮ್ಮ ಬಂದು ನಿಂತರು. ಅವರಿಗೆ ಓದಲು ಬರುವುದಿಲ್ಲ. "ಇದರಲ್ಲಿ ಸಣ್ಣ ಮಕ್ಕಳದ್ದು ಯಾವುದು?" ಎಂದರು. ತೋರಿಸಿದೆ. "ಏನು ಕಥೆ?" ನನಗೆ ಗೊತ್ತಿದ್ದಷ್ಟು ಹೇಳಿದೆ. ಕೇಳಿ ನಕ್ಕು, ಸೆರಗಿನ ಗಂಟು ಬಿಚ್ಚಿ 50 ರೂಪಾಯಿ ಕೊಟ್ಟು ಚೀಟಿ ಕಿತ್ತರು. "ಇದು ಬಂದಾಗ ನಮ್ಮ ಡೇರಿ ಟ್ರಂಕಿಗೇ ಹಾಕಬೇಕು. ಮೊಮ್ಮಗಳ ಹತ್ರ ಓದಿಸಿ ಕೇಳ್ತೆ" ಎಂದು ಹೇಳಿ, ಚೀಟಿಯನ್ನು ಮಡಚಿ ಅದೇ ಸೆರಗಿಗೆ ಕಟ್ಟಿಕೊಂಡರು. ಅವರ ಹಿಂದೆ ನಿಂತಿದ್ದವರೆಲ್ಲ ಇದನ್ನು ನೋಡಿದ್ದರು. ಆಮೇಲೆ ಹಗ್ಗ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಂದೆ ತಾಯಿಯ ನೆನಪಿಗೆ ಅಂತ ಒಂದಿಷ್ಟು, ಮಗು ಹುಟ್ಟಿದ ಖುಷಿಗೆ ಒಂದು, ತಾವು ಕಲಿತ ಶಾಲೆಯ ಮೇಷ್ಟ್ರ ಹೆಸರಿಗೆ ಒಂದು. "ಹುಲಿ" ಚೀಟಿಗೆ ಇಬ್ಬರು ಕೈ ಹಾಕಿದ್ದರಿಂದ ಎರಡು ಹುಲಿ ಪುಸ್ತಕ ತರುವುದೆಂದಾಯಿತು.

ಸಂಜೆಗೆ ಸವಾಲು, ಅಂದರೆ ಹರಾಜು. ದೇವಸ್ಥಾನಗಳಲ್ಲಿ ಫಲಾವಳಿ ಸವಾಲು ಮಾಡುವ ಹಾಗೆಯೇ. ಮೊದಲ ಪಾಕದ ಬೆಲ್ಲದ ಅಚ್ಚು, ಒಂದು ಚೀನಿಕಾಯಿ (ಸಿಹಿಗುಂಬಳ), ಒಂದು ಬಾಳೆಗೊನೆ ಇಟ್ಟಿದ್ದೆವು. ಸವಾಲು ಕೂಗುವುದೂ ಒಂದು ವಿದ್ಯೆ. ನಮ್ಮ ಕಡೆಯ ಒಬ್ಬ ಅಣ್ಣನಿಗೆ ಅದು ಚೆನ್ನಾಗಿ ಗೊತ್ತು. ಯಾರ ಮನೆಯಲ್ಲಿ ಮದುವೆ ಆಗಿದೆ, ಯಾರ ಅಡಿಕೆಗೆ ಒಳ್ಳೆ ರೇಟು ಸಿಕ್ಕಿದೆ ಎಲ್ಲ ಅವರಿಗೆ ನೆನಪಿರುತ್ತದೆ. "ಒಂದು ಸಲ... ಎರಡು ಸಲ... ಏನು ಭಾವ, ಚೀನಿಕಾಯಿ ಬಿಟ್ಟುಕೊಡ್ತಿರಾ?" ಎಂದರೆ ಭಾವ ಬಿಡುತ್ತಾರೆಯೇ? ಪೇಟೆಯಲ್ಲಿ ನೂರು ರೂಪಾಯಿಯೂ ಬಾಳದ ಚೀನಿಕಾಯಿ ಸಾವಿರ ದಾಟಿತು. ಹಿಡಿದವರು ಹಣ ಕೊಟ್ಟು, ಕಾಯಿಯನ್ನು ಮತ್ತೆ ಸವಾಲಿಗೇ ಬಿಟ್ಟರು. ಅದು ಮೂರು ಕೈ ಬದಲಾಯಿಸಿತು. ಕೊನೆಗೆ ಹಿಡಿದವರು ಅದನ್ನು ಅಲ್ಲೇ ಅಡುಗೆಗೆ ಕೊಟ್ಟರು. ಕಟ್ಟಡ ಬೇಕು ಎಂದಿದ್ದ ಹಿರಿಯರು ಬೆಲ್ಲದ ಅಚ್ಚು ಹಿಡಿದು, ಒಡೆದು ಅಲ್ಲಿದ್ದ ಮಕ್ಕಳಿಗೆಲ್ಲ ಹಂಚಿದರು.

ಹಬ್ಬ ಮುಗಿದ ಮೇಲಿನ ಕೆಲಸ ಹಬ್ಬಕ್ಕಿಂತ ದೊಡ್ಡದು. ಲೋಟ ತೊಳೆದು, ಪಾತ್ರೆ ವಾಪಸ್ ಮುಟ್ಟಿಸಿ, ಗದ್ದೆಯಲ್ಲಿ ಬಿದ್ದ ಕಬ್ಬಿನ ಸಿಪ್ಪೆ ಎತ್ತಿ, ಆಮೇಲೆ ಲೆಕ್ಕಕ್ಕೆ ಕೂತೆವು. ಬಂದದ್ದು, ಹೋದದ್ದು, ಉಳಿದದ್ದು ಎಲ್ಲ ಒಂದು ಹಾಳೆಯಲ್ಲಿ ಬರೆದು ಟ್ರಂಕು ಇರುವ ಪ್ರತಿ ಜಾಗದಲ್ಲೂ ಅಂಟಿಸಿದೆವು. ಡೀಸೆಲ್ ಎಷ್ಟು, ಎಣ್ಣೆ ಎಷ್ಟು ಎಲ್ಲವೂ ಅದರಲ್ಲಿತ್ತು. ಜನ ನಿಂತು ಓದಿದರು. ಕೆಲವರು ಕೂಡಿ ಕಳೆದು ನೋಡಿದರು. ನೋಡಲಿ ಅಂತಲೇ ಅಂಟಿಸಿದ್ದು. ಊರಿನ ಹಣ ಊರಿಗೆ ಕಾಣಬೇಕು. ಮುಂದಿನ ಸಲ ಕೇಳಲು ಹೋಗುವಾಗ ಈ ಹಾಳೆಯೇ ನಮ್ಮ ಧೈರ್ಯ.

ಖರೀದಿಗೆ ನಾವು ಅವಸರ ಮಾಡಲಿಲ್ಲ. ಮಕ್ಕಳ ಚಿತ್ರಪುಸ್ತಕಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ನಮಗೆ ಒಳ್ಳೆಯದಾಯಿತು. ಬೆಲೆ ಕಡಿಮೆ, ಅಕ್ಷರ ದೊಡ್ಡದು, ಯಾವ ವಯಸ್ಸಿನ ಓದಿಗೆ ಎಂದು ಹಂತವನ್ನೂ ಹಾಕಿರುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ನವಕರ್ನಾಟಕದ ಕನ್ನಡ ಮಕ್ಕಳ ಪುಸ್ತಕಗಳನ್ನೂ ತರಿಸಿದೆವು. ದೊಡ್ಡವರ ಪುಸ್ತಕದ ಸ್ವಲ್ಪ ಹಣವನ್ನು ನವೆಂಬರ್‌ಗೆ ಎಂದು ತೆಗೆದಿಟ್ಟಿದ್ದೇವೆ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರುತ್ತದೆ, ಆಗ ಅದೇ ಹಣಕ್ಕೆ ಎರಡು ಪಟ್ಟು ಬರುತ್ತದೆ. ಬೆಂಗಳೂರಿನಲ್ಲಿರುವ ಊರಿನ ಮಕ್ಕಳು ಪುಸ್ತಕ ಕಳಿಸುತ್ತೇವೆ ಎಂದರೆ ಅಂಚೆಯ ಜ್ಞಾನ ಪೋಸ್ಟಿನಲ್ಲಿ ಹಾಕಿ ಎನ್ನುತ್ತೇವೆ. 2025ರ ಮೇ 1ರಿಂದ ಈ ಸೇವೆ ಶುರುವಾಗಿದೆ. ಶುರುವಾದಾಗಿನ ದರ 300 ಗ್ರಾಂ ತನಕ 20 ರೂಪಾಯಿ, 5 ಕೆಜಿ ತನಕ 100 ರೂಪಾಯಿ, ಮೇಲೆ ತೆರಿಗೆ. ಕಳಿಸುವ ಮೊದಲು ನಮ್ಮ ಪಟ್ಟಿ ನೋಡಿ ಎಂದೂ ಹೇಳುತ್ತೇವೆ. ಈಗ ಗೈಡುಗಳು ಬರುವುದು ಕಡಿಮೆಯಾಗಿದೆ.

ಡೇರಿ ಟ್ರಂಕಿಗೆ ಆ ಅಮ್ಮನ ಪುಸ್ತಕ ಬಂದಿದೆ. ಒಳಪುಟದಲ್ಲಿ ಏನು ಬರೆಯಲಿ ಎಂದು ಕೇಳಿದಾಗ "ನಮ್ಮ ಗಂಗೆಯ ಹಾಲಿನ ದುಡ್ಡಿಂದು ಅಂತ ಬರಿ" ಎಂದರು. ಗಂಗೆ ಅವರ ಹಸು. ಹಾಗೇ ಬರೆದೆವು. ಆ ಪುಸ್ತಕ ಡೇರಿಯಲ್ಲಿ ನಿಂತದ್ದೇ ಇಲ್ಲ, ಒಂದು ಮನೆಯಿಂದ ನೇರ ಇನ್ನೊಂದು ಮನೆಗೆ ಹೋಗುತ್ತಿದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೊಸ ಬೇಡಿಕೆಗಳು ಆಗಲೇ ಸೇರಿವೆ. ಅಡಿಕೆ ಸುಲಿತದಲ್ಲಿ ಓದುತ್ತಿದ್ದ ಹುಡುಗಿ "ಜೋರಾಗಿ ಓದಲು ಚೆನ್ನಾಗಿರುವ ಪುಸ್ತಕ" ಎಂದು ಬರೆದು ಅಡಿಗೆರೆ ಎಳೆದಿದ್ದಾಳೆ. ಯಾವುದು ಕೊಡೋಣ ಎಂದು ಮೇಷ್ಟ್ರು ಮತ್ತು ನಾನು ಇನ್ನೂ ಮಾತಾಡುತ್ತಿದ್ದೇವೆ. ಅವರು ಒಂದು ಹೇಳುತ್ತಾರೆ, ನಾನು ಇನ್ನೊಂದು.

ಸದ್ಯಕ್ಕೆ ಮಳೆಗಾಲದ ಮುಂಚಿನ ಕೆಲಸ ನಡೆಯುತ್ತಿದೆ. ಬೈಂಡಿಂಗಿಗೆ ಹೋದದ್ದು ವಾಪಸ್ ಬಂದಿದೆ. ರಬ್ಬರ್ ಪಟ್ಟಿ ಅರ್ಧ ಟ್ರಂಕುಗಳಿಗೆ ಹಾಕಿ ಆಗಿದೆ. ಇನ್ನೂ ಎರಡು ಊರಿನವರು ನಮಗೂ ಒಂದು ಬೇಕು ಎಂದು ಕೇಳಿ ಹೋಗಿದ್ದಾರೆ. ಯಾರ ಮನೆ ಅಟ್ಟದಲ್ಲಾದರೂ ಮುಚ್ಚಳ ಗಟ್ಟಿ ಇರುವ ಟ್ರಂಕು ಇದ್ದರೆ ಕೊಡಿ, ಮೇ ಮುಗಿಯುವ ಮೊದಲು ಬಣ್ಣ ಹೊಡೆದು ಕಳಿಸಬೇಕು.